ನಿಮಗಿದು ಗೊತ್ತೆ? ಉಬ್ಬು ಹೇಳುವ ರಂಧ್ರದ ಲೆಕ್ಕ

ಗೆಲಾಕ್ಸಿಯ ನಡುವಣ ಉಬ್ಬಿನ ಬಹುಪಾಲು ನಕ್ಷತ್ರಗಳು ಕೇಂದ್ರದ ಕೃಷ್ಣರಂಧ್ರದ ಆಕರ್ಷಣೆ ನಗಣ್ಯವಾಗುವಷ್ಟು ದೂರದಲ್ಲಿದ್ದರೂ, ಅವುಗಳ ವೇಗದ ವ್ಯತ್ಯಾಸವನ್ನಳೆದು ಆ ರಂಧ್ರದ ದ್ರವ್ಯರಾಶಿಯನ್ನು ಸ್ಥೂಲವಾಗಿ ಹೇಳಿಬಿಡಬಹುದು! 2000ದಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಪ್ರಕಟಿಸಿದ ಸಂಬಂಧವಿದು. ಕಾರಣದ ಮಾತು ಬೇರೆ, ಅದಿನ್ನೂ ಚರ್ಚೆಯಲ್ಲಿದೆ.

ವೈಶಾಖದ ನಿರ್ಮಲವಾದ ಬೆಳಗಿನ ಜಾವದಲ್ಲಿ, ಬೀದಿದೀಪಗಳಿಂದ ದೂರ ಸರಿದು, ಮಿರ್ಲೆಯೆಂಬ ಹಳ್ಳಿಯ ಗದ್ದೆಯ ಬದುವಿನ ಮೇಲೆ ನಿಂತು ದಕ್ಷಿಣಕ್ಕೆ ನೋಡುವವರಿಗೆ ಧನುರಾಶಿಯ ಬಳಿ ಆಕಾಶಗಂಗೆ ಅಗಲವಾಗಿ, ಉಜ್ಜ್ವಲವಾಗಿ ತೋರುವುದು ನಮ್ಮದೇ ಉಬ್ಬಿನ ದೆಸೆಯಿಂದ. ಅದರ ಗರ್ಭದಲ್ಲಿ, ಧೂಳಿನ ತೆರೆಯ ಹಿಂದೆ, ಸುಮಾರು 26,000 ಜ್ಯೋತಿರ್ವರ್ಷಗಳಾಚೆ, 40 ಲಕ್ಷಕ್ಕೂ ಮಿಕ್ಕ ಸೂರ್ಯರಷ್ಟು ದ್ರವ್ಯರಾಶಿಯ ಕೃಷ್ಣರಂಧ್ರವಿದೆ. ನೆರೆಯ ತ್ರಿಕೋನ ಗೆಲಾಕ್ಸಿಗೆ ಉಬ್ಬೇ ಇಲ್ಲವೆನ್ನಬೇಕು. ಅಲ್ಲಿ ಅರಸಿದವರಿಗೆ ದೈತ್ಯ ಕೃಷ್ಣರಂಧ್ರವೂ ದೊರೆತಿಲ್ಲ.