ಆಟದೊಳಗಿನ ಹರಾಜು ಕಟ್ಟೆ

ಪ್ರಶ್ನೆ: 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಹರಾಜು ನಡೆಯುತ್ತದಂತೆ. ಹೇಗೆ? ಅಗ್ಗಕ್ಕೆ ಕೊಳ್ಳುವ ಉಪಾಯವೇನು?

ಉತ್ತರ: 2004ರಲ್ಲಿ ಬಂದ ಈ ಆಟದ ಹರಾಜಿನಲ್ಲಿ ಮಾರುವವರೂ ಕೊಳ್ಳುವವರೂ ನಿಜವಾದ ಆಟಗಾರರೇ. ಕತ್ತಿಯನ್ನೋ ಕವಚವನ್ನೋ 12, 24 ಅಥವಾ 48 ಗಂಟೆಗಳ ಅವಧಿಗೆ ಹರಾಜಿಗಿಡಬಹುದು. ಆರಂಭದ ಬೆಲೆಯ ಜೊತೆಗೆ 'ಇಷ್ಟು ಕೊಟ್ಟರೆ ಈಗಲೇ ನಿಮ್ಮದು' ಎಂಬ ನೇರ ಬೆಲೆಯನ್ನೂ ಹಾಕಬಹುದು. ನಿಮಗಿಂತ ಹೆಚ್ಚು ಕೂಗಿದವರು ಬಂದರೆ ನಿಮ್ಮ ಚಿನ್ನ ಆಟದ ಅಂಚೆಪೆಟ್ಟಿಗೆಗೆ ವಾಪಸ್ಸಾಗುತ್ತದೆ.

ಮಾರಿದಾಗ ಬೆಲೆಯ ಶೇ. 5 ಕಡಿತ. ಆ ಚಿನ್ನ ಯಾರಿಗೂ ಸೇರುವುದಿಲ್ಲ, ಅಳಿದೇ ಹೋಗುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಅಂಶ ಇದೇ. ರಾಕ್ಷಸರನ್ನು ಕೊಂದಾಗಲೆಲ್ಲ ಹೊಸ ಚಿನ್ನ ಹುಟ್ಟುತ್ತಿರುತ್ತದೆ. ಅದನ್ನು ಹೀಗೆ ಹೀರಿಕೊಳ್ಳದಿದ್ದರೆ ಬೆಲೆಗಳು ಇನ್ನಷ್ಟು ಏರುತ್ತಿದ್ದವು.

ಉಪಾಯಕ್ಕೆ ಬರೋಣ. ಗಿಡಮೂಲಿಕೆ, ಅದಿರಿನಂಥ ಸರಕಿಗೆ 2020ರಿಂದ ಕೂಗಾಟವೇ ಇಲ್ಲ. ಅತಿ ಅಗ್ಗದ್ದು ಮೊದಲು ಬಿಕರಿಯಾಗುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ದಿನ. ಅಮೆರಿಕದ ಸರ್ವರ್‌ಗಳಲ್ಲಿ ವಾರದ ದೊಡ್ಡ ದಾಳಿಗಳು ಮಂಗಳವಾರ ಹೊಸದಾಗಿ ತೆರೆಯುತ್ತವೆ. ಆಗ ಮದ್ದುಗಳಿಗೆ ಬೇಡಿಕೆ ಹೆಚ್ಚು, ಆದ್ದರಿಂದ ಮುಂಚೆಯೇ ಕೊಂಡಿಡುವುದು ಲೇಸು. ಅಪರೂಪದ ವಸ್ತುವಾದರೆ ನಿಮಗದು ಎಷ್ಟು ಬೆಲೆಬಾಳುತ್ತದೆ ಎಂದು ಮೊದಲೇ ನಿಶ್ಚಯಿಸಿ, ಅಲ್ಲಿಗೇ ನಿಲ್ಲಿ. ಹಲವರು ಪೈಪೋಟಿಗಿಳಿದಾಗ ಗೆಲ್ಲುವವರು ಬಹುಮಟ್ಟಿಗೆ ಬೆಲೆಯನ್ನು ಅತಿಯಾಗಿ ಅಂದಾಜಿಸಿದವರೇ.