ನರಕವೆಂಬ ಊರಿನ ಆತಿಥ್ಯ

ಪೆರು ದೇಶದ ಆಗ್ನೇಯ ಮೂಲೆಯಲ್ಲಿ, ತಂಬೊಪಾಟ ನದಿಯ ದಂಡೆಯಲ್ಲಿ ಒಂದು ಊರಿದೆ. ಹೆಸರು ಇನ್ಫಿಯೆರ್ನೊ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ನರಕ. ಎಸೆ ಎಹಾ ಬುಡಕಟ್ಟಿನವರು, ನದಿ ದಂಡೆಯ ರೈತರು, ಆಂಡಿಸ್ ಬೆಟ್ಟಗಳಿಂದ ಇಳಿದು ಬಂದವರು ಇಲ್ಲಿ ಒಟ್ಟಿಗೆ ಬಾಳುತ್ತಾರೆ. ಸುಮಾರು 10 ಸಾವಿರ ಹೆಕ್ಟೇರ್ ನೆಲದ ಹಕ್ಕುಪತ್ರ ಊರಿನ ಕೈ ಸೇರಿದ್ದು 1976ರಲ್ಲಿ. ಇಪ್ಪತ್ತು ವರ್ಷಗಳ ಮೇಲೆ, 1996ರಲ್ಲಿ, ಊರವರು ರೇನ್‌ಫಾರೆಸ್ಟ್ ಎಕ್ಸ್‌ಪೆಡಿಷನ್ಸ್ ಎಂಬ ಕಂಪನಿಯೊಂದಿಗೆ ಕರಾರು ಮಾಡಿಕೊಂಡರು. ಕಾಡಿನೊಳಗೊಂದು ವಸತಿಗೃಹ, ಲಾಭದಲ್ಲಿ ಊರಿಗೆ ಶೇ 60, ಕಂಪನಿಗೆ ಶೇ 40, ತೀರ್ಮಾನಗಳಲ್ಲಿ ಇಬ್ಬರದೂ ಸಮಪಾಲು, ಅವಧಿ 20 ವರ್ಷ. 1998ರಲ್ಲಿ ‘ಪೊಸಾಡ ಅಮಜೋನಾಸ್’ ಬಾಗಿಲು ತೆರೆಯಿತು.

ಲಾಭದ ಪಾಲಿಗಿಂತ ಆ ‘ತೀರ್ಮಾನಗಳಲ್ಲಿ ಸಮಪಾಲು’ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಡಿನ ಪ್ರವಾಸೋದ್ಯಮ ಎಲ್ಲೇ ಇರಲಿ, ದೋಣಿ ನಡೆಸುವವರು, ಅಡುಗೆ ಮಾಡುವವರು, ಹಾಸಿಗೆ ಹಾಸುವವರು ಅಲ್ಲಿನ ಜನರೇ. ಲೆಕ್ಕದ ಪುಸ್ತಕ ಮಾತ್ರ ಬೇರೆಯವರ ಕೈಯಲ್ಲಿರುತ್ತದೆ. ಇನ್ಫಿಯೆರ್ನೊ ತನ್ನವರಲ್ಲೇ ಒಂದು ಸಮಿತಿಯನ್ನು ಆರಿಸಿ ಆ ಪುಸ್ತಕದ ಮುಂದೆ ಕೂರಿಸಿತು. ಬಂದ ಲಾಭದಲ್ಲಿ ಒಂದು ಭಾಗ ಮನೆಮನೆಗೆ ಹಂಚಿಕೆಯಾದರೆ ಇನ್ನೊಂದು ಭಾಗ ಶಾಲೆಯಂಥ ಊರೊಟ್ಟಿನ ಕೆಲಸಗಳಿಗೆ. ತಕರಾರುಗಳೇ ಬರಲಿಲ್ಲವೆಂದಲ್ಲ. ಅತಿಥಿಗಳಿಗೆ ‘ನಮ್ಮ ಸಂಸ್ಕೃತಿ’ ಎಂದು ತೋರಿಸುವುದು ಯಾರದನ್ನು, ಎಸೆ ಎಹಾಗಳದನ್ನೋ ಎಲ್ಲರದನ್ನೋ? ಇಂಥ ಜಗ್ಗಾಟಗಳನ್ನು ಆರಂಭದಿಂದಲೇ ಹತ್ತಿರದಿಂದ ಕಂಡ ಮಾನವಶಾಸ್ತ್ರಜ್ಞೆ ಅಮಾಂಡ ಸ್ಟ್ರೊಂಜಾ ಅವನ್ನು ಮುಚ್ಚಿಡದೆ ಬರೆದಿದ್ದಾರೆ. ಜಗಳಕ್ಕೂ ಅವಕಾಶವಿರುವುದು ಒಡೆತನವಿದ್ದವರಿಗೇ ಅಲ್ಲವೇ?

ವಸತಿಗೃಹ ತಲುಪಲು ಪುಯೆರ್ಟೊ ಮಾಲ್ಡೊನಾಡೊ ಪಟ್ಟಣದಿಂದ ಸ್ವಲ್ಪ ದೂರ ರಸ್ತೆ, ಆಮೇಲೆ ದೋಣಿ. ಕೋಣೆಗಳಿಗೆ ಮೂರೇ ಗೋಡೆ. ನಾಲ್ಕನೆಯ ಕಡೆ ಕಾಡೇ. ನಮ್ಮ ಮಲೆನಾಡಿನ ಸೋಗೆ ಮಾಡು ಕಂಡವರಿಗೆ ಅಲ್ಲಿನ ತಾಳೆಗರಿಯ ಮಾಡು ಹೊಸತೆನಿಸದು. ಸೊಳ್ಳೆ ಪರದೆಯೊಳಗೆ ಮಲಗಿದರೆ ಕತ್ತಲಿನ ಸದ್ದುಗಳು ನೇರವಾಗಿ ಕಿವಿಗೆ ಬೀಳುತ್ತವೆ. ಬೆಳಗಾಗುವ ಮುನ್ನ ಎದ್ದು ವೀಕ್ಷಣಾ ಗೋಪುರ ಹತ್ತಿದರೆ ಮರಗಳ ನೆತ್ತಿ ಪಾದದ ಕೆಳಗೆ. ನದಿ ದಂಡೆಯ ಜೇಡಿಮಣ್ಣಿಗೆ ಗಿಳಿಗಳ ಹಿಂಡು ಮುತ್ತುವುದೂ ಬೆಳಗಿನಲ್ಲೇ. ಸಮುದ್ರದಿಂದ ದೂರದ ಈ ಕಾಡಿನ ಹಣ್ಣುಕಾಯಿಗಳಲ್ಲಿ ಸೋಡಿಯಂ ಕಡಿಮೆ. ಮಣ್ಣು ತಿನ್ನುವುದು ಆ ಉಪ್ಪಿಗಾಗಿ.

ನದಿ ತನ್ನ ಹಳೆಯ ಪಾತ್ರ ಬಿಟ್ಟು ಸರಿದಾಗ ಉಳಿದ ಕೆರೆ ಟ್ರೆಸ್ ಚಿಂಬಾಡಾಸ್. ಅಲ್ಲಿ ಆಳುದ್ದ ಬೆಳೆಯುವ ದೈತ್ಯ ನೀರುನಾಯಿಗಳ ಸಂಸಾರವಿದೆ. ಇಡೀ ಕೆರೆಯಲ್ಲಿ ದೋಣಿ ತಿರುಗಿಸುವಂತಿಲ್ಲ. ಒಂದು ಭಾಗ ನೀರುನಾಯಿಗಳಿಗೇ ಮೀಸಲು. ಪ್ರವಾಸಿಗಳು ದೂರದಿಂದಲೇ ನೋಡಬೇಕು. ಕೆಲವೊಮ್ಮೆ ಅವು ಕಾಣಿಸುವುದೂ ಇಲ್ಲ. ಹಾಗೆ ಕಾಣಿಸದೇ ಇರಲು ಅವುಗಳಿಗೆ ಬಿಟ್ಟ ಸ್ವಾತಂತ್ರ್ಯವನ್ನು ನಾನು ಬಹಳ ಮೆಚ್ಚುತ್ತೇನೆ.

ಈ ಊರಿರುವ ಮಾದ್ರೆ ದೆ ದಿಯೋಸ್ ಪ್ರಾಂತ್ಯದಲ್ಲಿ ಕಾಡಿಗೆ ಇನ್ನೊಂದು ಬೆಲೆಯೂ ಇದೆ. ನೆಲದಡಿ ಬಂಗಾರ. ಮರ ಉರುಳಿಸಿ, ಮಣ್ಣು ಬಗೆದು, ಪಾದರಸ ಬೆರೆಸಿ ಬಂಗಾರ ತೆಗೆಯುತ್ತಾರೆ. ಆ ಪಾದರಸ ನೀರಿಗೆ, ನೀರಿನಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ. ಲಾ ಪಾಂಪಾ ಎಂಬಲ್ಲಿನ ಅಕ್ರಮ ಗಣಿಗಳನ್ನು ತೆರವು ಮಾಡಲು 2019ರಲ್ಲಿ ಸರ್ಕಾರ ಪೊಲೀಸರ ಜೊತೆ ಸೈನಿಕರನ್ನೂ ಕಳಿಸಬೇಕಾಯಿತು. ಅಷ್ಟು ಹತ್ತಿರದ ಆಮಿಷವಿದ್ದೂ ಇನ್ಫಿಯೆರ್ನೊ ಜನ ನಿಂತ ಮರದಿಂದಲೇ ಸಂಪಾದಿಸುವ ದಾರಿ ಹಿಡಿದರು.

ಪೊಸಾಡಕ್ಕೆ ಹೊರಡುವವರು ಮಳೆ ಕಡಿಮೆಯಿರುವ ಮೇ–ಅಕ್ಟೋಬರ್ ನಡುವೆ ಹೋಗಿ. ಪೆರುವಿನಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಅದು ಊರ್ಜಿತ. ಅಲ್ಲಿಗೇ ಆಗಲಿ, ಬೇರೆ ಯಾವ ಕಾಡಿನ ವಸತಿಗೃಹಕ್ಕೇ ಆಗಲಿ, ಮುಂಗಡ ಕೊಡುವ ಮೊದಲು ದಯವಿಟ್ಟು ಕೇಳಿ: ಈ ನೆಲ ಯಾರದು, ಲೆಕ್ಕದ ಪುಸ್ತಕ ಯಾರ ಬಳಿ ಇದೆ?