ಹದಿನೈದು ವರ್ಷ ಕಪ್ ಇಲ್ಲ, ಆಮೇಲೆ ಹತ್ತು!

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾವ ಲೆಡ್ಜರ್ ಕೈಗೆ ಬಂದರೂ ಕೊನೆಯ ಬಾಕಿಯನ್ನಷ್ಟೇ ನೋಡಿ ಮುಚ್ಚುವುದಿಲ್ಲ. ಮೇಲಿನಿಂದ ಒಂದೊಂದೇ ಸಾಲು ಓದಿಕೊಂಡು ಬರುತ್ತಾನೆ. ನಿವೃತ್ತನಾಗಿ ಎಷ್ಟೋ ವರ್ಷವಾದರೂ ನನ್ನ ಚಾಳಿ ಹೋಗಿಲ್ಲ. ಮೊಮ್ಮಗ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಲು ಶುರುಮಾಡಿದ ಮೇಲೆ ನಾನೂ ಆ ಆಟದ ಬಗ್ಗೆ ಓದತೊಡಗಿದೆ. ಆಗ ಸಿಕ್ಕಿದ್ದು ಅಮೆರಿಕದ ಒಂದು ಕಾಲೇಜು ತಂಡದ ವರ್ಷವಾರು ಲೆಕ್ಕ. ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಪ್ರತಿ ವರ್ಷಕ್ಕೂ ಒಂದೊಂದು ಸಾಲು. ಓದುತ್ತಾ ಹೋದರೆ ಕಾದಂಬರಿಯ ಹಾಗಿದೆ!

ತಂಡದ ಹೆಸರು ಯುಸಿಎಲ್‌ಎ ಬ್ರುಯಿನ್ಸ್. ಲಾಸ್ ಏಂಜಲೀಸ್ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹುಡುಗರ ತಂಡ. ಬ್ರುಯಿನ್ ಎಂದರೆ ಕರಡಿ. ಅಲ್ಲಿ ಚಳಿಗಾಲದ ಆರಂಭದಲ್ಲಿ ಶುರುವಾಗುವ ಪಂದ್ಯಗಳು ಮಾರ್ಚ್ ಹೊತ್ತಿಗೆ ಮುಗಿಯುತ್ತವೆ. ಹಾಗಾಗಿ ಒಂದು ಸೀಸನ್ ಎಂದರೆ 1948–49 ಎಂಬಂತೆ ಎರಡು ವರ್ಷಗಳಿಗೆ ಸೇರಿದ್ದು, ನಮ್ಮ ಬ್ಯಾಂಕಿನ ಆರ್ಥಿಕ ವರ್ಷದ ಹಾಗೆ. ಕೊನೆಯಲ್ಲಿ ಎನ್‌ಸಿಎಎ ಎಂಬ ಸಂಸ್ಥೆ ದೇಶದ ಆಯ್ದ ಕಾಲೇಜುಗಳಿಗೆ ದೊಡ್ಡ ಟೂರ್ನಿ ನಡೆಸುತ್ತದೆ. ಅದರಲ್ಲಿ ಒಂದು ಪಂದ್ಯ ಸೋತರೂ ಕಪ್ಪಿನ ಆಸೆ ಬಿಟ್ಟಂತೆಯೇ.

ಹಿಮ ಬಿದ್ದು ಸಿಕ್ಕ ಕೆಲಸ

1948ರಲ್ಲಿ ಈ ತಂಡಕ್ಕೆ ಹೊಸ ಕೋಚ್ ಬಂದರು. ಹೆಸರು ಜಾನ್ ವುಡನ್. ಇಂಡಿಯಾನಾ ರಾಜ್ಯದ ರೈತ ಕುಟುಂಬದವರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಅದಕ್ಕೆ ಮೊದಲು ಅವರು ಇಂಡಿಯಾನಾದ ಒಂದು ಕಾಲೇಜು ತಂಡಕ್ಕೆ ಕೋಚ್ ಆಗಿದ್ದರು. ಒಂದು ವರ್ಷ ಆ ತಂಡಕ್ಕೆ ರಾಷ್ಟ್ರಮಟ್ಟದ ಟೂರ್ನಿಯೊಂದರ ಆಹ್ವಾನ ಬಂತು. ಆದರೆ ಕಪ್ಪು ವರ್ಣದ ಆಟಗಾರರನ್ನು ಕರೆತರುವಂತಿಲ್ಲ ಎಂದು ಅಲ್ಲಿನ ನಿಯಮ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ. ಅವನನ್ನು ಬಿಟ್ಟು ಬರುವುದಾದರೆ ಆ ಟೂರ್ನಿಯೇ ಬೇಡ ಎಂದರು ವುಡನ್. ಮರುವರ್ಷ ಆ ನಿಯಮ ಹೋಯಿತು. ವಾಕರ್ ಆಡಿದ.

ವುಡನ್ ಅವರಿಗೆ ನಿಜವಾಗಿ ಮನಸ್ಸಿದ್ದದ್ದು ಮಿನೆಸೋಟ ವಿಶ್ವವಿದ್ಯಾಲಯದ ಮೇಲೆ. ಅವರು ಸಂಜೆ ಇಂಥ ಹೊತ್ತಿಗೆ ಫೋನ್ ಮಾಡುತ್ತೇವೆ ಎಂದಿದ್ದರು. ಅಂದು ಹಿಮಬಿರುಗಾಳಿ ಬೀಸಿ ಟೆಲಿಫೋನ್ ತಂತಿಗಳೇ ಕೆಟ್ಟುಹೋದವು. ಹೇಳಿದ ಹೊತ್ತು ಮೀರಿತು. ಆಗ ಯುಸಿಎಲ್‌ಎಯಿಂದ ಕರೆ ಬಂತು; ವುಡನ್ ಒಪ್ಪಿಕೊಂಡರು. ಸ್ವಲ್ಪ ಹೊತ್ತಿಗೇ ಮಿನೆಸೋಟದವರೂ ಫೋನ್ ಮಾಡಿದರಂತೆ. ಕೊಟ್ಟ ಮಾತು ಮುರಿಯಲಾರೆ ಎಂದುಬಿಟ್ಟರು ಇವರು.

ಕಪ್ ಇಲ್ಲದ ಸಾಲುಗಳು

ಹಿಂದಿನ ವರ್ಷ ಯುಸಿಎಲ್‌ಎ 12 ಪಂದ್ಯ ಗೆದ್ದು 13 ಸೋತಿತ್ತು. ವುಡನ್ ಬಂದ ಮೊದಲ ಸೀಸನ್ನಿನಲ್ಲೇ 22 ಗೆಲುವು, 7 ಸೋಲು. ಮರುವರ್ಷ 24–7. ಇನ್ನೇನು, ಕಪ್ ಬಂದೇಬಿಟ್ಟಿತು ಎಂದುಕೊಳ್ಳುತ್ತೀರಿ ಅಲ್ಲವೇ? ನಾನೂ ಹಾಗೆಯೇ ಅಂದುಕೊಂಡು ಬೆರಳನ್ನು ಕೆಳಗಿಳಿಸಿದೆ. 19–10, 19–12, 16–8, 18–7... ಕಪ್ ಇಲ್ಲ. 1954–55ರಲ್ಲಿ 21–5. ಇಲ್ಲ. 1956–57ರಲ್ಲಿ 22–4. ಆಗಲೂ ಇಲ್ಲ. ಆಮೇಲೆ ಏರಬೇಕಾದ ಲೆಕ್ಕ ಇಳಿಯತೊಡಗುತ್ತದೆ. 16–10, 16–9. 1959–60ರ ಸಾಲಿನಲ್ಲಿ 14 ಗೆಲುವು, 12 ಸೋಲು. ಹನ್ನೆರಡು ವರ್ಷ ದುಡಿದ ಮೇಲೆ ಬಂದ ಫಲಿತಾಂಶ ಇದು! ವುಡನ್ ಅಲ್ಲಿದ್ದ 27 ಸೀಸನ್ನುಗಳಲ್ಲಿ ಇದಕ್ಕಿಂತ ಕಡಿಮೆ ಗೆದ್ದದ್ದೇ ಇಲ್ಲ.

ಅವರಿಗೆ ಸಿಕ್ಕಿದ್ದ ಜಾಗವಾದರೂ ಎಂಥದು? ಹಳೆಯ ವ್ಯಾಯಾಮಶಾಲೆಯ ಮಹಡಿ. ಒಂದು ಮೂಲೆಯಲ್ಲಿ ಕುಸ್ತಿ ಹುಡುಗರು, ಇನ್ನೊಂದು ಮೂಲೆಯಲ್ಲಿ ಜಿಮ್ನಾಸ್ಟಿಕ್ಸ್ ಮಾಡುವವರು, ನಡುವೆ ಇವರ ಬ್ಯಾಸ್ಕೆಟ್‌ಬಾಲ್. ಅಭ್ಯಾಸಕ್ಕೆ ಮೊದಲು ನೆಲದ ಧೂಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಕೋಚ್ ಸ್ವತಃ ನಿಲ್ಲುತ್ತಿದ್ದರು.

ಸೀಸನ್ನಿನ ಮೊದಲ ದಿನ ಅವರು ಕಲಿಸುತ್ತಿದ್ದ ಮೊದಲ ಪಾಠ ಯಾವುದು ಗೊತ್ತೇ? ಕಾಲುಚೀಲ ಹಾಕಿಕೊಳ್ಳುವುದು! ಆರೂವರೆ ಅಡಿ ಎತ್ತರದ ಹುಡುಗರನ್ನು ಬೆಂಚಿನ ಮೇಲೆ ಕೂರಿಸಿ, ಚೀಲವನ್ನು ಬೆರಳಿನಿಂದ ಹಿಮ್ಮಡಿಯವರೆಗೆ ನಯವಾಗಿ ಎಳೆಯುವುದು ಹೇಗೆ, ಬೂಟಿನ ದಾರ ಬಿಗಿಯುವುದು ಹೇಗೆ ಎಂದು ತೋರಿಸುತ್ತಿದ್ದರು. ಚೀಲದಲ್ಲಿ ಒಂದು ಸುಕ್ಕು ಉಳಿದರೆ ಪಾದದಲ್ಲಿ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಓಡಲಾರ. ಅಷ್ಟೇ ಲೆಕ್ಕ. ಹುಡುಗರು ಮೊದಲು ಮುಸಿಮುಸಿ ನಗುತ್ತಿದ್ದರಂತೆ.

1961–62ರಲ್ಲಿ ತಂಡ ಮೊದಲ ಸಲ ಎನ್‌ಸಿಎಎ ಸೆಮಿಫೈನಲ್ ತಲುಪಿತು. ಸಿನ್ಸಿನಾಟಿ ಎದುರು 72–70ರಲ್ಲಿ, ಎರಡೇ ಅಂಕದಿಂದ ಸೋತಿತು. ಮರುವರ್ಷ 20–9. ಹೀಗೆ ಹದಿನೈದು ಸೀಸನ್ ಮುಗಿದವು.

ಗಿಡ್ಡರ ತಂಡ

1963–64. ಸಹಾಯಕ ಕೋಚ್ ಜೆರ್ರಿ ನಾರ್ಮನ್ ಒಂದು ಸಲಹೆ ಕೊಟ್ಟರು. ನಾವು ಬುಟ್ಟಿಗೆ ಹಾಕಿದ ಮೇಲೆ ನಮ್ಮ ಕಡೆಗೆ ಓಡಿಬಂದು ಕಾಯುವುದೇಕೆ? ಎದುರಾಳಿಗಳು ಚೆಂಡನ್ನು ಒಳಗೆ ತರುವ ಜಾಗದಲ್ಲೇ ಅವರನ್ನು ಸುತ್ತುವರಿಯೋಣ. ಹತ್ತು ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟಬೇಕೆಂಬುದು ನಿಯಮ. ಆ ಗಾಬರಿಯಲ್ಲಿ ಅವರು ತಪ್ಪು ಮಾಡುತ್ತಾರೆ. ವುಡನ್ ಒಪ್ಪಿದರು.

ಆ ವರ್ಷದ ಐವರಲ್ಲಿ ಯಾರೂ 6 ಅಡಿ 5 ಅಂಗುಲಕ್ಕಿಂತ ಎತ್ತರವಿರಲಿಲ್ಲ. ನಮಗೆ ಅದೇ ತೆಂಗಿನಮರ. ಆ ಆಟದಲ್ಲಿ ಮಾತ್ರ ಗಿಡ್ಡ. ಫೈನಲಿನಲ್ಲಿ ಎದುರಿಗಿದ್ದ ಡ್ಯೂಕ್ ತಂಡದಲ್ಲಿ 6 ಅಡಿ 10 ಅಂಗುಲದ ಇಬ್ಬರಿದ್ದರು. ಆದರೆ ಪಂದ್ಯದ ನಡುವೆ ಗಿಡ್ಡರು ಒಂದೇ ಉಸಿರಿಗೆ ಸತತ 16 ಅಂಕ ಗಳಿಸಿದರು. ಕೊನೆಗೆ 98–83. ಆ ಸೀಸನ್ನಿನ ಸಾಲು: 30 ಗೆಲುವು, ಸೋಲು ಸೊನ್ನೆ. ಮೊದಲ ಕಪ್! ಮರುವರ್ಷ ಮಿಷಿಗನ್ ವಿರುದ್ಧದ ಫೈನಲಿನಲ್ಲಿ ಗೇಲ್ ಗುಡ್‌ರಿಚ್ ಒಬ್ಬರೇ 42 ಅಂಕ ಗಳಿಸಿದರು. ಎರಡನೇ ಕಪ್.

ಹೊಸಬರು ಚಾಂಪಿಯನ್ನರನ್ನೇ ಸೋಲಿಸಿದಾಗ

1965ರಲ್ಲಿ ಕಾಲೇಜಿಗೆ ಹೊಸ ಕ್ರೀಡಾಂಗಣ ಬಂತು. ಅಲ್ಲಿನ ಮೊದಲ ಪಂದ್ಯದಲ್ಲಿ ಕಾಲೇಜಿನ ಮುಖ್ಯ ತಂಡಕ್ಕೆ ಎದುರಾಳಿ ಅದೇ ಕಾಲೇಜಿನ ಮೊದಲ ವರ್ಷದ ಹುಡುಗರು. ಎರಡು ಸಲ ಚಾಂಪಿಯನ್ ಆದ ತಂಡವನ್ನು ಆ ಹೊಸಬರು 75–60ರಲ್ಲಿ ಸೋಲಿಸಿದರು! ಅವರಲ್ಲಿದ್ದ ನ್ಯೂಯಾರ್ಕಿನ ಏಳಡಿ ಮೀರಿದ ಹುಡುಗ ಲೂ ಆಲ್ಸಿಂಡರ್ 31 ಅಂಕ ಗಳಿಸಿದ್ದ. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಲೋಕಕ್ಕೆಲ್ಲ ಪರಿಚಿತನಾದವನು ಇವನೇ. ಆದರೆ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂದು ಆಗಿನ ನಿಯಮ. ಆ ವರ್ಷ ಮುಖ್ಯ ತಂಡ 18–8ರಲ್ಲಿ ನಿಂತು, ಎನ್‌ಸಿಎಎ ಟೂರ್ನಿಗೇ ಹೋಗಲಿಲ್ಲ.

ಆಲ್ಸಿಂಡರ್ ಆಡಿದ ಮೂರು ವರ್ಷ ಮೂರು ಕಪ್: 30–0, 29–1, 29–1. ಅವನ ಮೊದಲ ಸೀಸನ್ ಮುಗಿಯುತ್ತಲೇ, ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ‘ಡಂಕ್’ ಹೊಡೆತವನ್ನು ಕಾಲೇಜು ಆಟದಲ್ಲಿ ನಿಷೇಧಿಸಿದರು. ಅವನು ಗೊಣಗುತ್ತ ಕೂರದೆ ತಲೆಯ ಮೇಲಿಂದ ಒಂದೇ ಕೈಯಲ್ಲಿ ಚೆಂಡು ತೇಲಿಸುವ ‘ಹುಕ್’ ಹೊಡೆತವನ್ನು ತಿದ್ದಿಕೊಂಡ. ಅದನ್ನು ತಡೆಯುವವರೇ ಇಲ್ಲದಾಯಿತು.

1968ರ ಜನವರಿ 20ರಂದು ಹ್ಯೂಸ್ಟನ್ ನಗರದಲ್ಲಿ 52,693 ಪ್ರೇಕ್ಷಕರ ಎದುರು ಪಂದ್ಯ. ಆಲ್ಸಿಂಡರ್‌ಗೆ ಕಣ್ಣಿನ ಗಾಯ. ಹ್ಯೂಸ್ಟನ್ 71–69ರಲ್ಲಿ ಗೆದ್ದು, ಯುಸಿಎಲ್‌ಎಯ ಸತತ 47 ಗೆಲುವುಗಳ ಸರಣಿ ಮುರಿಯಿತು. ಎರಡು ತಿಂಗಳ ನಂತರ ಸೆಮಿಫೈನಲಿನಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದವು. ಈ ಸಲ ಯುಸಿಎಲ್‌ಎ 101, ಹ್ಯೂಸ್ಟನ್ 69!

ಎಂಬತ್ತೆಂಟು

ಆಲ್ಸಿಂಡರ್ ಹೋದ ಮೇಲೂ 1970 ಮತ್ತು 1971ರಲ್ಲಿ ಕಪ್ ಬಂತು. ಆಮೇಲೆ ಬಂದವನು ಕೆಂಗೂದಲಿನ ಬಿಲ್ ವಾಲ್ಟನ್. ಒಮ್ಮೆ ಅವನು ಉದ್ದ ಕೂದಲು ಬಿಟ್ಟುಕೊಂಡು ಅಭ್ಯಾಸಕ್ಕೆ ಬಂದು, ಅದು ತನ್ನ ಹಕ್ಕು ಎಂದನಂತೆ. ಹೌದಪ್ಪ, ನಿನ್ನ ಹಕ್ಕೇ. ಆದರೆ ನೀನಿಲ್ಲದೆ ನಮಗೆ ಬೇಜಾರಾಗುತ್ತದೆ ಎಂದರಂತೆ ವುಡನ್. ವಾಲ್ಟನ್ ಸೈಕಲ್ ಹತ್ತಿ ಕ್ಷೌರದಂಗಡಿಗೆ ಓಡಿದ. ಈ ಕಥೆಯನ್ನು ಮುಂದೆ ಅವನೇ ನಗುತ್ತ ಹೇಳುತ್ತಿದ್ದ. 1971–72 ಮತ್ತು 1972–73, ಎರಡೂ ಸಾಲು 30–0. 1973ರ ಫೈನಲಿನಲ್ಲಿ ವಾಲ್ಟನ್ 22 ಸಲ ಬುಟ್ಟಿಗೆ ಗುರಿಯಿಟ್ಟು 21 ಸಲ ಹಾಕಿದ.

1971ರ ಜನವರಿಯಲ್ಲಿ ನೋಟರ್ ಡೇಮ್ ತಂಡದ ಎದುರು ಸೋತ ಯುಸಿಎಲ್‌ಎ, ಆಮೇಲೆ ಸತತ 88 ಪಂದ್ಯ ಗೆದ್ದಿತು. ಅದನ್ನು ನಿಲ್ಲಿಸಿದ್ದೂ ಅದೇ ನೋಟರ್ ಡೇಮ್. 1974ರ ಜನವರಿ 19ರಂದು ಕೊನೆಯ ಮೂರೂವರೆ ನಿಮಿಷ ಇರುವಾಗ ಯುಸಿಎಲ್‌ಎ 11 ಅಂಕ ಮುಂದಿತ್ತು. ಆಮೇಲೆ ಅವರಿಗೆ ಒಂದು ಅಂಕವೂ ದಕ್ಕಲಿಲ್ಲ. ಎದುರಾಳಿ 12 ಗಳಿಸಿ 71–70ರಲ್ಲಿ ಗೆದ್ದರು. ಆ ವರ್ಷ ಕಪ್ಪೂ ಕೈತಪ್ಪಿತು.

1975ರ ಸೆಮಿಫೈನಲ್ ಮುಗಿದ ಮೇಲೆ, 64 ವರ್ಷದ ವುಡನ್ ತಾನು ನಿವೃತ್ತನಾಗುತ್ತಿದ್ದೇನೆ ಎಂದು ಹುಡುಗರಿಗೆ ಹೇಳಿದರು. ಹುಡುಗರು ಫೈನಲಿನಲ್ಲಿ ಕೆಂಟಕಿಯನ್ನು 92–85ರಲ್ಲಿ ಸೋಲಿಸಿ ಹತ್ತನೇ ಕಪ್ ಕೊಟ್ಟು ಕಳಿಸಿದರು. ವುಡನ್ 2010ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಕಾಲೇಜಿಗೆ ಹನ್ನೊಂದನೇ ಕಪ್ ಸಿಕ್ಕಿದ್ದು ಅವರು ಬಿಟ್ಟ ಇಪ್ಪತ್ತು ವರ್ಷದ ಮೇಲೆ, 1995ರಲ್ಲಿ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಮೊಮ್ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗ ನಾವು ಒಂದೇ ಸಾಲು ನೋಡಿ ಹಣೆಬರಹ ಹೇಳಿಬಿಡುತ್ತೇವೆ. 1960ರ ಮಾರ್ಚಿನಲ್ಲಿ 14–12 ಎಂಬ ಸಾಲು ನೋಡಿ ಆ ಕಾಲೇಜಿನವರು ಮೇಷ್ಟರನ್ನು ಮನೆಗೆ ಕಳಿಸಿದ್ದರೆ, ಮುಂದಿನ ಹತ್ತು ಕಪ್ಪುಗಳೂ ಅವರೊಂದಿಗೇ ಹೋಗುತ್ತಿದ್ದವು. ಮಕ್ಕಳಿಗೂ ಒಂದು ಮಾತು: ಕಪ್ ಬಂದ ವರ್ಷವೂ, ಬಾರದ ವರ್ಷವೂ ಆ ಮೇಷ್ಟರು ಮೊದಲ ದಿನ ಕಲಿಸಿದ್ದು ಕಾಲುಚೀಲದ ಪಾಠವನ್ನೇ.

ನೀವೂ ಕೂಡಿ ನೋಡಿ

ವುಡನ್ ತಂಡ ಪ್ರತಿ ಸೀಸನ್ ಗೆದ್ದ ಪಂದ್ಯಗಳು:

ಮೊದಲ 15 ಸೀಸನ್: 22, 24, 19, 19, 16, 18, 21, 22, 22, 16, 16, 14, 18, 18, 20

ನಂತರದ 12 ಸೀಸನ್: 30, 28, 18, 30, 29, 29, 28, 29, 30, 30, 26, 28

ಒಟ್ಟು ಆಡಿದ ಪಂದ್ಯ 767. ಹಾಗಾದರೆ ಗೆದ್ದದ್ದೆಷ್ಟು, ಸೋತದ್ದೆಷ್ಟು? ಕ್ಯಾಲ್ಕುಲೇಟರ್ ಮುಟ್ಟಬೇಡಿ, ಬಾಯಲ್ಲೇ ಕೂಡಿ, ಅಜ್ಜನಿಗೆ ತೋರಿಸಿ.

(ಉತ್ತರ: 285 + 335 = 620 ಗೆಲುವು; 147 ಸೋಲು.)